ಹತ್ತು ವರ್ಷದ ಡೆಸ್ಕ್‌ಟಾಪ್: ಐ3 ತೆಗೆದು ಐ7 ಹಾಕಿಸಲಾ, ಬೇಡವಾ?

ಆಲ್ಬಂ ಮನೆ, ಸಾಗರ

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಯಜಮಾನರು ಶೂಟಿಂಗ್ ನೋಡಿಕೊಳ್ಳುತ್ತಾರೆ. ಆಲ್ಬಂ ಡಿಸೈನ್, ವಿಡಿಯೋ ಎಡಿಟಿಂಗ್ ನನ್ನ ಪಾಲಿಗೆ. ಮದುವೆ ಸೀಸನ್ ಮುಗಿದ ಮೇಲೆ ಲಗ್ನಪತ್ರಿಕೆ, ಕರಪತ್ರ, ಬ್ಯಾನರ್ ಕೆಲಸವೂ ಬರುತ್ತದೆ.

ಸಿಸ್ಟಂ 2016ರಲ್ಲಿ ಶಿವಮೊಗ್ಗದಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್ ಐ3-6100 ಪ್ರೊಸೆಸರ್, ಎಚ್110 ಮದರ್‌ಬೋರ್ಡು, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, 1 ಟಿಬಿ ಹಾರ್ಡ್ ಡಿಸ್ಕ್, 450 ವಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಗ್ರಾಫಿಕ್ಸ್ ಕಾರ್ಡ್ ಇಲ್ಲ. ವಿಂಡೋಸ್ 10.

ಈಗ ಫೋಟೋಶಾಪ್‌ನಲ್ಲಿ 12×36 ಶೀಟ್ ತೆರೆದರೆ ಸಾಕು, ಎಲ್ಲವೂ ನಿಧಾನ. ಬ್ರಷ್ ಎಳೆದು ಕೈ ಎತ್ತಿದ ಮೇಲೆ ಬಣ್ಣ ಬರುತ್ತದೆ. ಸೇವ್ ಒತ್ತಿ ಒಳಗೆ ಹೋಗಿ ಒಲೆ ಮೇಲಿನ ಹಾಲು ನೋಡಿಕೊಂಡು ಬರಬಹುದು. ವಿಡಿಯೋ ಎಕ್ಸ್‌ಪೋರ್ಟ್ ಅಂತೂ ರಾತ್ರಿ ಹಾಕಿಟ್ಟು ಮಲಗುವುದೇ.

ಪರಿಚಯದ ಅಂಗಡಿಯವರು ಹೇಳಿದ್ದು: "ಸೆಕೆಂಡ್ ಹ್ಯಾಂಡ್ ಐ7-7700 ಇದೆ, 7,500 ಕೊಡಿ, ಇದೇ ಬೋರ್ಡಿಗೆ ಕೂರುತ್ತೆ, ಗಾಡಿ ಹಾರುತ್ತೆ." ಯಜಮಾನರು ಹೊಸ ಸಿಸ್ಟಮ್ಮೇ ತಗೊಳ್ಳೋಣ ಎನ್ನುತ್ತಾರೆ. ಅಷ್ಟು ದುಡ್ಡು ಸುಮ್ನೆ ಹಾಕಲು ನನಗೆ ಮನಸ್ಸಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ. ಪ್ರೊಸೆಸರ್ ಬದಲಿಸಿದರೆ ನಿಜವಾಗಲೂ ಉಪಯೋಗ ಇದೆಯಾ?

ರಿಪೇರಿ ಕಟ್ಟೆ, ದಾವಣಗೆರೆ

ಅಕ್ಕಾ, ದುಡ್ಡು ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಎಂದಿನಂತೆ ಒಂದು ಆಲ್ಬಂ ಶೀಟ್ ತೆರೆಯಿರಿ. ಜೊತೆಗೆ ನೀವು ಯಾವಾಗಲೂ ತೆರೆದಿಡುವ ಬ್ರೌಸರ್, ಫೋಟೋ ಫೋಲ್ಡರ್ ಎಲ್ಲ ಇರಲಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಸಿಸ್ಟಂ ಸಿಕ್ಕಿಹಾಕಿಕೊಂಡ ಆ ಗಳಿಗೆಯಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಮೂರೂ ಎಷ್ಟೆಷ್ಟು ತೋರಿಸುತ್ತವೆ ಬರೆದುಕೊಳ್ಳಿ. ಆಮೇಲೆ ವಿಡಿಯೋ ಎಕ್ಸ್‌ಪೋರ್ಟ್ ಹಾಕಿ ಇನ್ನೊಮ್ಮೆ ನೋಡಿ. ಎರಡೂ ಬೇರೆ ಬೇರೆ ಕೆಲಸ, ಎರಡಕ್ಕೂ ಉತ್ತರ ಬೇರೆ ಬರಬಹುದು.

ಅದೇ ಪುಟದಲ್ಲಿ ಮೆಮೊರಿ ಒತ್ತಿದರೆ ರ‍್ಯಾಮ್ ಡಿಡಿಆರ್3 ಅಥವಾ ಡಿಡಿಆರ್4 ಅಂತ ಕಾಣುತ್ತದೆ. ಎಚ್110ರಲ್ಲಿ ಎರಡೂ ಬಗೆಯ ಬೋರ್ಡುಗಳು ಬಂದಿವೆ. ಇದು ಮುಂದೆ ಬಹಳ ಮುಖ್ಯ ಆಗುತ್ತದೆ.

ಹಳೇ ಬೋರ್ಡು

ಮೇಡಂ, ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಐ7-7700 ನಿಮ್ಮ ಬೋರ್ಡಿಗೆ ಕೂರುತ್ತದೆ. ಆದರೆ ಅವರು ಹೇಳದೆ ಬಿಟ್ಟದ್ದು ಇದೆ.

ನಿಮ್ಮ ಐ3-6100 ಆರನೇ ತಲೆಮಾರಿನದು, 2015ರದ್ದು. ಐ7-7700 ಏಳನೇ ತಲೆಮಾರು, 2017ರ ಜನವರಿಯಲ್ಲಿ ಬಂದಿದ್ದು. ಸಾಕೆಟ್ (ಬೋರ್ಡಿನಲ್ಲಿ ಚಿಪ್ಪು ಕೂರುವ ಜಾಗ) ಒಂದೇ, ಎಲ್‌ಜಿಎ 1151. ಆದರೆ ನಿಮ್ಮ ಬೋರ್ಡು ಅದಕ್ಕಿಂತ ಮೊದಲೇ ತಯಾರಾದದ್ದು, ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗದಿದ್ದರೆ ಹೊಸ ಚಿಪ್ಪಿನ ಗುರುತೇ ಸಿಗುವುದಿಲ್ಲ. ಅಪ್‌ಡೇಟ್ ಮಾಡುವುದಾದರೆ ಹಳೆ ಐ3 ಕೂತಿರುವಾಗಲೇ ಮಾಡಬೇಕು. ಐ7 ಹಾಕಿದ ಮೇಲೆ ಸ್ಕ್ರೀನೇ ಬರದಿದ್ದರೆ ಅಪ್‌ಡೇಟ್ ಮಾಡುವುದು ಎಲ್ಲಿಂದ? ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೇಗೆ ಅಂತ ನಿಮಗೇ ಗೊತ್ತು. ಬಯೋಸ್ ಅರ್ಧಕ್ಕೆ ನಿಂತರೆ ಬೋರ್ಡು ಕೈ ಬಿಟ್ಟಂತೆ.

ಇನ್ನೊಂದು ಮಾತು. ಎಂಟನೇ ತಲೆಮಾರಿನ ಚಿಪ್ಪುಗಳ ಸಾಕೆಟ್ಟಿಗೂ 1151 ಎಂದೇ ಹೆಸರು. ಯಾರಾದರೂ "ಐ5-8400 ಕೊಡ್ತೀನಿ, ಅದೇ ಸಾಕೆಟ್" ಎಂದರೆ ಒಪ್ಪಬೇಡಿ. 100 ಮತ್ತು 200 ಸರಣಿಯ ಬೋರ್ಡುಗಳಲ್ಲಿ ಅದಕ್ಕೆ ಇಂಟೆಲ್ ಬೆಂಬಲ ಕೊಟ್ಟಿಲ್ಲ. ಅಂದರೆ ನಿಮ್ಮ ಬೋರ್ಡಿನ ದಾರಿ ಐ7-7700ಕ್ಕೆ ಮುಗಿಯುತ್ತದೆ. ಐ7-7700ಕೆ ಕೂಡ ಬೇಡ. ಅದು 91 ವಾಟಿನದು, ಎಚ್110ರಲ್ಲಿ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಆಗುವುದಿಲ್ಲ, ಬೋರ್ಡಿನ ಪವರ್ ಭಾಗಕ್ಕೆ ಸುಮ್ನೆ ಭಾರ.

ಯಕ್ಷ ರೆಕಾರ್ಡಿಂಗ್, ಕುಂದಾಪುರ

ನಾನು ಐ7 ಪರ. ನನ್ನದೂ ಎಚ್110 ಬೋರ್ಡು, ಅದೇ ಐ3-6100 ಇತ್ತು. ಐ7-6700 ಹಾಕಿಸಿದೆ. ಇದು ಆರನೇ ತಲೆಮಾರಿನದೇ ಆದ್ದರಿಂದ ಬಯೋಸ್ ರಗಳೆ ಬರಲಿಲ್ಲ.

ನನ್ನ ಕೆಲಸ ಏನೆಂದರೆ, ಮೇಳದ ಆಟಗಳನ್ನು ರಾತ್ರಿ ರೆಕಾರ್ಡ್ ಮಾಡಿ 1080ಪಿಯಲ್ಲಿ ಸಣ್ಣ ಫೈಲ್ ಮಾಡಿ ಇಡುವುದು. ಬೆಳಗಿನವರೆಗೆ ನಡೆಯುವ ಆಟ ಎಂದರೆ ಎಷ್ಟು ದೊಡ್ಡ ಫೈಲ್ ಅಂತ ಯೋಚಿಸಿ. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಕನ್ವರ್ಟ್ ಮಾಡುವಾಗ ಐ3 ಸದಾ ನೂರಕ್ಕೆ ನೂರು ತೋರಿಸುತ್ತಿತ್ತು. ಕೋರ್ ಅಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಭಾಗ, ಥ್ರೆಡ್ ಅಂದರೆ ಅವು ಒಟ್ಟಿಗೆ ಹಿಡಿಯಬಲ್ಲ ಕೆಲಸಗಳು. ಐ3ರಲ್ಲಿ 2 ಕೋರ್, 4 ಥ್ರೆಡ್. ಐ7ರಲ್ಲಿ 4 ಕೋರ್, 8 ಥ್ರೆಡ್. ಕನ್ವರ್ಟ್ ಆಗುವ ಹೊತ್ತು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಬೋರ್ಡು, ರ‍್ಯಾಮ್, ವಿಂಡೋಸ್ ಯಾವುದನ್ನೂ ಮುಟ್ಟಲಿಲ್ಲ. ಕಡಿಮೆ ದುಡ್ಡಿಗೆ ಇಷ್ಟು ಲಾಭ ಬೇರೆ ಯಾವುದರಲ್ಲಿ ಸಿಗುತ್ತದೆ ಹೇಳಿ?

ರಿಪೇರಿ ಕಟ್ಟೆ, ದಾವಣಗೆರೆ

ಸರ್, ನಿಮ್ಮ ಕೆಲಸಕ್ಕೆ ಅದು ಸರಿಯಾದ ತೀರ್ಮಾನ. ಹ್ಯಾಂಡ್‌ಬ್ರೇಕ್ ಇದ್ದಷ್ಟು ಕೋರ್‌ಗಳನ್ನೂ ದುಡಿಸಿಕೊಳ್ಳುತ್ತದೆ. ನಿಮ್ಮಲ್ಲಿ ತಡ ಆಗುತ್ತಿದ್ದುದೇ ಪ್ರೊಸೆಸರ್‌ನಿಂದ. ಅಕ್ಕನ ಸಿಸ್ಟಂನಲ್ಲಿ ತಡ ಎಲ್ಲಿ ಆಗುತ್ತಿದೆ ಅನ್ನುವುದು ಇನ್ನೂ ಗೊತ್ತಾಗಿಲ್ಲ. ಅದಕ್ಕೇ ನೋಡಿ ಬರೆಯಿರಿ ಎಂದೆ.

ಆಲ್ಬಂ ಮನೆ, ಸಾಗರ

ನೋಡಿದೆ ಸರ್. ರ‍್ಯಾಮ್ ಡಿಡಿಆರ್4, 2133 ಎಂದು ತೋರಿಸುತ್ತಿದೆ. ಎರಡು ಸ್ಲಾಟ್‌ನಲ್ಲಿ ಒಂದು ಖಾಲಿ.

ಶೀಟ್ ತೆರೆದು ಬ್ರಷ್ ಎಳೆಯುವಾಗ: ಸಿಪಿಯು 30ರಿಂದ 40. ಮೆಮೊರಿ 7.9 ಜಿಬಿಯಲ್ಲಿ 7.5 ತುಂಬಿದೆ. ಡಿಸ್ಕ್ ಮಾತ್ರ 100ರಲ್ಲೇ ನಿಂತಿದೆ, ಕೆಳಗೆ ಇಳಿಯುವುದೇ ಇಲ್ಲ.

ಎಕ್ಸ್‌ಪೋರ್ಟ್ ಹಾಕಿದಾಗ ಸಿಪಿಯು 100, ಡಿಸ್ಕ್ 20, 30 ಹಾಗೆ ಆಡುತ್ತದೆ.

ರಿಪೇರಿ ಕಟ್ಟೆ, ದಾವಣಗೆರೆ

ಚೆನ್ನಾಗಿ ನೋಡಿದ್ದೀರಿ ಅಕ್ಕಾ. ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಆಲ್ಬಂ ಕೆಲಸದಲ್ಲಿ ನಿಮ್ಮ ಪ್ರೊಸೆಸರ್ ಅರ್ಧಕ್ಕಿಂತ ಜಾಸ್ತಿ ಹೊತ್ತು ಖಾಲಿ ಕೂತಿದೆ. ಗಾರೆಯವರನ್ನು ನಾಲ್ಕು ಮಂದಿ ಕರೆಸಿದರೂ ಇಟ್ಟಿಗೆ ಹೊರುವವನು ಒಬ್ಬನೇ ಆದರೆ ಗೋಡೆ ಏಳುವುದಿಲ್ಲ, ಅಲ್ವಾ? ಇಲ್ಲಿ ಇಟ್ಟಿಗೆ ಹೊರುತ್ತಿರುವುದು ಆ ಹಾರ್ಡ್ ಡಿಸ್ಕ್.

ಲೆಕ್ಕ ಹಾಕಿ ನೋಡಿ. 12×36 ಇಂಚು, 300 ಡಿಪಿಐ. ಅಂದರೆ 3600ಕ್ಕೆ 10800 ಪಿಕ್ಸೆಲ್. ಒಟ್ಟು ಸುಮಾರು 3.9 ಕೋಟಿ ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ ಮೂರು ಬೈಟ್ ಅಂತ ಹಿಡಿದರೆ ಶೀಟ್ ತುಂಬ ಹರಡಿದ ಒಂದೇ ಲೇಯರ್‌ಗೆ 117 ಎಂಬಿ. ಬ್ಯಾಕ್‌ಗ್ರೌಂಡ್, ಅದರ ಮೇಲೆ ಟೆಕ್ಸ್ಚರ್, ನೆರಳು, ಮಾಸ್ಕ್, ಆಮೇಲೆ ಆರೇಳು ಫೋಟೋ. 24 ಮೆಗಾಪಿಕ್ಸೆಲ್ ಫೋಟೋ ಒಂದೊಂದೂ ತೆರೆದಾಗ 72 ಎಂಬಿ ಆಗುತ್ತದೆ. ಇದರ ಜೊತೆ ಹಿಂದಕ್ಕೆ ಹೋಗಲು ಬೇಕಾದ ಹಿಸ್ಟರಿಯನ್ನೂ ಫೋಟೋಶಾಪ್ ಇಟ್ಟುಕೊಳ್ಳಬೇಕು. ಇಂಥ ಎರಡು ಶೀಟ್ ಒಟ್ಟಿಗೆ ತೆರೆದರೆ 8 ಜಿಬಿ ಎಲ್ಲಿ ಸಾಲುತ್ತದೆ? ವಿಂಡೋಸ್, ಬ್ರೌಸರ್ ಬೇರೆ ಅದರಲ್ಲೇ ಇರಬೇಕು.

ರ‍್ಯಾಮ್ ತುಂಬಿದ ಕೂಡಲೇ ಫೋಟೋಶಾಪ್ ಉಳಿದದ್ದನ್ನು ಡಿಸ್ಕಿಗೆ ಬರೆಯುತ್ತದೆ. ಅದಕ್ಕೆ ಸ್ಕ್ರ್ಯಾಚ್ ಡಿಸ್ಕ್ ಎನ್ನುತ್ತಾರೆ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಓಡಾಡಬೇಕು. ಅಲ್ಲೊಂದು ಇಲ್ಲೊಂದು ಹರಡಿದ ಡೇಟಾವನ್ನು ಸೆಕೆಂಡಿಗೆ ನೂರು ಸಲದ ಆಸುಪಾಸು ಮುಟ್ಟಬಹುದು, ಅಷ್ಟೇ. ಸಾಧಾರಣ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವೇ ಇಲ್ಲದ ಡಿಸ್ಕ್) ಅದನ್ನೇ ಹತ್ತಾರು ಸಾವಿರ ಸಲ ಮಾಡುತ್ತದೆ. ನೀವು ಬ್ರಷ್ ಎಳೆದು ಕಾಯುತ್ತೀರಲ್ಲ, ಆ ಹೊತ್ತಿನಲ್ಲಿ ಮುಳ್ಳು ಓಡಾಡುತ್ತಿರುತ್ತದೆ. ಕಿವಿ ಹತ್ತಿರ ಇಟ್ಟರೆ ಕರಕರ ಶಬ್ದ ಕೇಳಿಸುತ್ತದೆ.

ಈ ಸ್ಥಿತಿಯಲ್ಲಿ ಐ7 ಹಾಕಿದರೂ ಆಲ್ಬಂ ಕೆಲಸ ಹೀಗೇ ಇರುತ್ತದೆ. ಮೊದಲು ಸಾಟಾ ಎಸ್‌ಎಸ್‌ಡಿ, ಜೊತೆಗೆ ಖಾಲಿ ಸ್ಲಾಟಿಗೆ 8 ಜಿಬಿ. ಎರಡು ಸ್ಟಿಕ್ ಆದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡರಿಂದಲೂ ಒಟ್ಟಿಗೆ ಡೇಟಾ ಓಡಾಡುತ್ತದೆ. ನಿಮ್ಮ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ ಅದಕ್ಕೂ ಒಳ್ಳೆಯದು.

ನುಡಿ ಟೈಪಿಸ್ಟ್, ಧಾರವಾಡ

ಡಿಟಿಪಿ (ಅಚ್ಚಿಗೆ ಪುಟ ವಿನ್ಯಾಸ) ಕೆಲಸದ ಬಗ್ಗೆ ನಾನೂ ಒಂದು ಮಾತು ಸೇರಿಸುತ್ತೇನೆ. ಲಗ್ನಪತ್ರಿಕೆಗೆ ನಾವೆಲ್ಲ ಇನ್ನೂ ಪೇಜ್‌ಮೇಕರ್, ಕೋರೆಲ್, ನುಡಿ ಇಟ್ಟುಕೊಂಡವರು. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ಒಂದೇ ಕೋರ್ ಇದ್ದ ಕಾಲದ ತಂತ್ರಾಂಶ. ಅದಕ್ಕೆ 8 ಥ್ರೆಡ್ ಕೊಟ್ಟರೂ ಒಂದನ್ನೇ ಬಳಸುತ್ತದೆ.

ಹಾಗಾದರೆ ಆ ಒಂದು ಕೋರಿನ ವೇಗ ಎಷ್ಟು ಏರುತ್ತದೆ ನೋಡಿ. ಐ3-6100 3.7 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ. ಐ7-6700 ಎಷ್ಟು ಏರಿದರೂ 4.0. ಐ7-7700 ಆದರೆ 4.2. ಒಳಗಿನ ಕೋರ್ ವಿನ್ಯಾಸ ಆರು, ಏಳು ಎರಡೂ ತಲೆಮಾರಿಗೆ ಹೆಚ್ಚು ಕಡಿಮೆ ಒಂದೇ. ಅಂದರೆ ಒಂದಕ್ಕೆ 8, ಇನ್ನೊಂದಕ್ಕೆ 13 ಪರ್ಸೆಂಟ್ ಲಾಭ. ಕೂತು ಟೈಪ್ ಮಾಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಐ7 ಎಂಬ ಹೆಸರು ನೋಡಿ ನಾಲ್ಕು ಪಟ್ಟು ವೇಗ ಅಂತ ಅಂದುಕೊಳ್ಳುತ್ತೇವೆ. ಆ ಲಾಭ ಬರುವುದು ಎಲ್ಲಾ ಕೋರ್‌ಗಳನ್ನೂ ಬಳಸುವ ಕೆಲಸದಲ್ಲಿ ಮಾತ್ರ.

ಹಳೇ ಬೋರ್ಡು

ವಿಂಡೋಸ್ ವಿಷಯ ಯಾರೂ ಎತ್ತಲಿಲ್ಲ. ಇದು ಸಣ್ಣ ವಿಷಯ ಅಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಮುಂದುವರಿಸಿಕೊಳ್ಳುವ ಅವಕಾಶ ಇದೆ. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೇಳುವುದಿಲ್ಲ. ಮೇಡಂ, ಮೊದಲು ಇದನ್ನು ಮಾಡಿಕೊಳ್ಳಿ. ಗಿರಾಕಿಗಳ ಪೆನ್ ಡ್ರೈವ್ ದಿನಾ ಚುಚ್ಚುವ ಸಿಸ್ಟಂ ಅದು.

ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಏಳನೆಯದರಲ್ಲಿ ಬೆರಳೆಣಿಕೆಯ ಚಿಪ್ಪುಗಳನ್ನು ಬಿಟ್ಟರೆ ಬೇರೆ ಯಾವುದೂ ಪಟ್ಟಿಯಲ್ಲಿಲ್ಲ. ಐ7-7700 ಇಲ್ಲವೇ ಇಲ್ಲ. 7,500 ಕೊಟ್ಟು ಅದನ್ನು ಹಾಕಿಸಿದರೂ ವಿಂಡೋಸ್ ಕಣ್ಣಿಗೆ ನಿಮ್ಮದು ಹಳೆ ಸಿಸ್ಟಮ್ಮೇ. ಅಡ್ಡದಾರಿಯಲ್ಲಿ ಹಾಕಿಕೊಳ್ಳುವವರು ಇದ್ದಾರೆ, ಓಡುತ್ತದೆ ಕೂಡ. ಆದರೆ ಅಪ್‌ಡೇಟ್ ಬರುತ್ತದೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ಅನ್ನ ಕೊಡುವ ಸಿಸ್ಟಂ ಮೇಲೆ ಅಂಥದ್ದನ್ನು ನಾನಂತೂ ಹಾಕುವುದಿಲ್ಲ.

ಯಕ್ಷ ರೆಕಾರ್ಡಿಂಗ್, ಕುಂದಾಪುರ

ಇದು ಒಪ್ಪುವ ಮಾತು. ನನ್ನ ಕನ್ವರ್ಟ್ ಸಿಸ್ಟಂಗೆ ನಾನು ಆಮೇಲೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದ್ದೇನೆ. ಹ್ಯಾಂಡ್‌ಬ್ರೇಕ್ ಅಲ್ಲೂ ಅಷ್ಟೇ ಚೆನ್ನಾಗಿ ಓಡುತ್ತದೆ. ಫೋಟೋಶಾಪ್ ಬೇಕಾದವರಿಗೆ ಆ ದಾರಿ ಇಲ್ಲ.

ಪಾಲಿಟೆಕ್ನಿಕ್ ಹುಡುಗ, ತುಮಕೂರು

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಹತ್ತಿರ ಬಿ350 ಬೋರ್ಡು, ರೈಜೆನ್ 3 1200, ಒಂದು ಹಳೆ ಗ್ರಾಫಿಕ್ಸ್ ಕಾರ್ಡ್ ಇದೆ. ಇಲ್ಲಿ ಹೇಳಿದ್ದನ್ನೆಲ್ಲ ಓದಿದರೆ ನಾನೂ ಪ್ರೊಸೆಸರ್ ಬದಲಿಸಬಾರದಾ?

ಹಳೇ ಬೋರ್ಡು

ನಿನ್ನ ಕಥೆ ಪೂರಾ ಬೇರೆ ತಮ್ಮಾ. ನಿನ್ನ ಬೋರ್ಡಿನಲ್ಲಿರುವ ಎಎಂ4 ಸಾಕೆಟ್ಟನ್ನು ಎಎಂಡಿ ಕಂಪನಿ ಬಹಳ ವರ್ಷ ನಡೆಸಿತು. 2017ರ ಬಿ350 ಬೋರ್ಡುಗಳಿಗೂ 2022ರಲ್ಲಿ ರೈಜೆನ್ 5000 ಸರಣಿಯ ಬೆಂಬಲ ಬಯೋಸ್ ಮೂಲಕ ಬಂತು. ರೈಜೆನ್ 5 5600 ಹಾಕಿದರೆ 4 ಕೋರ್, 4 ಥ್ರೆಡ್ ಇದ್ದ ಕಡೆ 6 ಕೋರ್, 12 ಥ್ರೆಡ್ ಆಗುತ್ತದೆ. ಒಂದೊಂದು ಕೋರ್ ಕೂಡ ನಿನ್ನದಕ್ಕಿಂತ ತುಂಬಾ ಮುಂದೆ. ಎರಡೂ 65 ವಾಟಿನವೇ. ವಿಂಡೋಸ್ 11 ಪಟ್ಟಿಯಲ್ಲೂ ಇದೆ, ನಿನ್ನ 1200 ಅದರಲ್ಲಿಲ್ಲ. ಬೋರ್ಡು ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಿಸುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಎರಡು ಎಚ್ಚರಿಕೆ. ಬೋರ್ಡ್ ಕಂಪನಿಯ ಸೈಟಿನಲ್ಲಿ ನಿನ್ನ ಮಾಡೆಲ್ ಹೆಸರಿಗೇ ಇರುವ ಸಿಪಿಯು ಪಟ್ಟಿ ನೋಡು. ಪಟ್ಟಿಯಲ್ಲಿ 5600 ಎದುರು ಯಾವ ಬಯೋಸ್ ನಂಬರ್ ಇದೆಯೋ ಅದು ಮೊದಲು ಹತ್ತಬೇಕು. ಆಮೇಲೆ, ಎಎಂ4ರಲ್ಲಿ ಪಿನ್ನುಗಳು ಚಿಪ್ಪಿನ ಕೆಳಗಿರುತ್ತವೆ. ವರ್ಷಗಟ್ಟಲೆ ಒಣಗಿದ ಪೇಸ್ಟ್ ಕೂಲರನ್ನೂ ಚಿಪ್ಪನ್ನೂ ಅಂಟಿಸಿಬಿಟ್ಟಿರುತ್ತದೆ. ಕೂಲರ್ ನೇರ ಮೇಲಕ್ಕೆ ಕಿತ್ತರೆ ಚಿಪ್ಪೂ ಜೊತೆಗೇ ಎದ್ದು ಬಂದು ಪಿನ್ ಬಗ್ಗುತ್ತದೆ. ಸ್ವಲ್ಪ ಹೊತ್ತು ಸಿಸ್ಟಂ ಓಡಿಸಿ ಬೆಚ್ಚಗೆ ಮಾಡು. ಆಫ್ ಮಾಡಿ ವೈರ್ ತೆಗಿ. ಕೂಲರನ್ನು ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸು. ಸಡಿಲ ಆದ ಮೇಲೆ ಎತ್ತು. 5600 ಒಳಗೆ ಡಿಸ್‌ಪ್ಲೇ ಇಲ್ಲ, ಗ್ರಾಫಿಕ್ಸ್ ಕಾರ್ಡ್ ಇಟ್ಟುಕೋ.

ಆಲ್ಬಂ ಮನೆ, ಸಾಗರ

ಮತ್ತೆ ಬಂದೆ. 500 ಜಿಬಿ ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್, ಫೋಟೋಶಾಪ್ ಎಲ್ಲ ಅದಕ್ಕೆ ಹಾಕಿಕೊಂಡೆವು. ಹಳೆ ಹಾರ್ಡ್ ಡಿಸ್ಕ್ ಫೋಟೋ ಇಡಲು ಉಳಿಯಿತು. ಹೊಸ ರ‍್ಯಾಮ್ ಬೆಲೆ ಕೇಳಿ ಎದೆ ಝಲ್ಲೆಂದಿತು. ಶಿವಮೊಗ್ಗದಲ್ಲಿ ಹಳೆ ಡಿಡಿಆರ್4 8 ಜಿಬಿ ಸ್ಟಿಕ್ ಸಿಕ್ಕಿತು, ಅದನ್ನೇ ಹಾಕಿಸಿದೆವು. ಈಗ 16 ಜಿಬಿ.

ಆಲ್ಬಂ ಕೆಲಸ ಇನ್ನು ಚಿಂತೆ ಇಲ್ಲ. ಬ್ರಷ್ ಕೈ ಜೊತೆಗೇ ಬರುತ್ತದೆ. ಎರಡು ಮೂರು ಶೀಟ್ ಒಟ್ಟಿಗೆ ತೆರೆದಿಟ್ಟು ಫೋಟೋ ಅದಲು ಬದಲು ಮಾಡುತ್ತೇನೆ. ರಿಪೇರಿ ಕಟ್ಟೆ ಅಣ್ಣನಿಗೆ ತುಂಬಾ ಧನ್ಯವಾದ.

ವಿಡಿಯೋ ಮಾತ್ರ ಹಾಗೇ ಇದೆ. ಜೊತೆಗೆ ಹೊಸ ತಲೆನೋವು. ಯಜಮಾನರು ಈ ಸೀಸನ್‌ಗೆ ಮಿರರ್‌ಲೆಸ್ ಕ್ಯಾಮೆರಾ ತಗೊಂಡಿದ್ದಾರೆ. ಅದರ 4ಕೆ ಕ್ಲಿಪ್ ಟೈಮ್‌ಲೈನಿಗೆ ಎಳೆದರೆ ಪ್ಲೇ ಆಗುವುದೇ ಇಲ್ಲ. ಒಂದು ಫ್ರೇಮ್ ಬಂದು ನಿಲ್ಲುತ್ತದೆ, ಸಿಪಿಯು 100. ತಾಳಿ ಕಟ್ಟುವ ಕ್ಲಿಪ್ಪಿನಲ್ಲಿ ಎಲ್ಲಿ ಕತ್ತರಿಸಬೇಕು ಅಂತಲೇ ಕಾಣುವುದಿಲ್ಲ. ಈಗಲಾದರೂ ಐ7 ಬೇಕಾ?

ಎಡಿಟಿಂಗ್ ಟೇಬಲ್, ಬೆಂಗಳೂರು

ಮೇಡಂ, ಕ್ಯಾಮೆರಾ ಮೆನುವಿನಲ್ಲಿ ವಿಡಿಯೋ ಫಾರ್ಮ್ಯಾಟ್ ಏನಿದೆ? ಎಚ್265, 10 ಬಿಟ್, 4:2:2 ಅಂತ ಇದೆಯಾ?

ಆಲ್ಬಂ ಮನೆ, ಸಾಗರ

ಹೌದು ಸರ್, ಅದೇ ಇದೆ. ಕಲರ್ ಚೆನ್ನಾಗಿ ಬರುತ್ತದೆ ಅಂತ ಯಜಮಾನರು ಅದನ್ನೇ ಇಟ್ಟಿದ್ದಾರೆ.

ಎಡಿಟಿಂಗ್ ಟೇಬಲ್, ಬೆಂಗಳೂರು

ಹಾಗಾದರೆ ಕಾರಣ ಸ್ಪಷ್ಟ. ಎಚ್265 ಅಂದರೆ ವಿಡಿಯೋ ಕುಗ್ಗಿಸಿ ಇಡುವ ರೀತಿ. 10 ಬಿಟ್, 4:2:2 ಅಂದರೆ ಬಣ್ಣದ ವಿವರ ಎಷ್ಟು ಉಳಿಸಿಕೊಳ್ಳುತ್ತದೆ ಅನ್ನುವ ಲೆಕ್ಕ; 8 ಬಿಟ್, 4:2:0ಗಿಂತ ಜಾಸ್ತಿ. ವಿಡಿಯೋ ಬಿಚ್ಚುವ ಕೆಲಸಕ್ಕೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಪ್ರತ್ಯೇಕ ಭಾಗ ಇರುತ್ತದೆ. ಇಂಟೆಲ್ ಅದಕ್ಕೆ ಕ್ವಿಕ್ ಸಿಂಕ್ ಎನ್ನುತ್ತದೆ. ಆ ಭಾಗಕ್ಕೆ ಗೊತ್ತಿರುವ ಫಾರ್ಮ್ಯಾಟ್ ಆದರೆ ಕೋರ್‌ಗಳ ಮೇಲೆ ಭಾರವೇ ಬೀಳುವುದಿಲ್ಲ. ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಕೋರ್‌ಗಳೇ ಮಾಡಬೇಕು.

ನಿಮ್ಮ ಆರನೇ ತಲೆಮಾರಿಗೆ ಎಚ್265ರಲ್ಲಿ 8 ಬಿಟ್ ಬರುತ್ತದೆ. ಏಳನೆಯದಕ್ಕೆ 10 ಬಿಟ್ ಬರುತ್ತದೆ, ಆದರೆ 4:2:0 ಮಾತ್ರ. 4:2:2 ಬರುವುದಿಲ್ಲ. ಹಾಗಾಗಿ ಐ7-7700 ಹಾಕಿದರೂ ಅದು ತನ್ನ ನಾಲ್ಕು ಕೋರ್‌ಗಳನ್ನು ಸುಟ್ಟುಕೊಂಡು ಬಿಚ್ಚಬೇಕು. ಈಗಿನದಕ್ಕಿಂತ ವಾಸಿ ಆಗಬಹುದು. ಸಲೀಸಾಗಿ ಅಂತೂ ಓಡುವುದಿಲ್ಲ. 12ನೇ ತಲೆಮಾರಿನಲ್ಲಿ ಒಳಗೇ ಡಿಸ್‌ಪ್ಲೇ (ಗ್ರಾಫಿಕ್ಸ್) ಭಾಗ ಇರುವ ಚಿಪ್ಪುಗಳಲ್ಲಿ 10 ಬಿಟ್ 4:2:2 ಎಚ್265 ಬಿಚ್ಚುವ ಭಾಗ ಇದೆ. ಎನ್ವಿಡಿಯಾ ಕಾರ್ಡುಗಳಲ್ಲಿ ಅದು ಬಂದಿದ್ದು 2025ರ 50 ಸರಣಿಯಿಂದ. ಹಳೆ ಎನ್ವಿಡಿಯಾ ಕಾರ್ಡ್ ತಂದು ಹಾಕಿದರೂ ಈ ಫಾರ್ಮ್ಯಾಟಿಗೆ ಉಪಯೋಗ ಇಲ್ಲ.

ಸದ್ಯಕ್ಕೆ ಖರ್ಚಿಲ್ಲದ ದಾರಿಯೂ ಇದೆ. ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್‌ನಲ್ಲಿ ಕ್ಲಿಪ್‌ಗಳಿಗೆ ಪ್ರಾಕ್ಸಿ ಮಾಡಿಸಿ. ಅಂದರೆ ಅದೇ ಕ್ಲಿಪ್ಪಿನ ಸಣ್ಣ ನಕಲು. ರಾತ್ರಿ ಹಾಕಿಟ್ಟರೆ ಬೆಳಿಗ್ಗೆ ತಯಾರಿರುತ್ತದೆ. ಸಣ್ಣ ನಕಲಿನ ಮೇಲೆ ಕಟಿಂಗ್ ಮಾಡಿ, ಎಕ್ಸ್‌ಪೋರ್ಟ್ ಮಾತ್ರ ಮೂಲ ಫೈಲಿನಿಂದ ಆಗುತ್ತದೆ. ಎಕ್ಸ್‌ಪೋರ್ಟ್ ಸೆಟ್ಟಿಂಗ್ಸ್‌ನಲ್ಲಿ ಎನ್‌ಕೋಡಿಂಗ್ ಹಾರ್ಡ್‌ವೇರ್ ಅಂತ ಇದೆಯಾ, ಸಾಫ್ಟ್‌ವೇರ್ ಅಂತ ಇದೆಯಾ ಒಮ್ಮೆ ನೋಡಿ. ಎರಡರ ನಡುವೆ ತುಂಬಾ ವ್ಯತ್ಯಾಸ ಇರುತ್ತದೆ.

ಆಲ್ಬಂ ಮನೆ, ಸಾಗರ

ಪ್ರಾಕ್ಸಿ ಮಾಡಿ ನೋಡಿದೆ ಸರ್, ಕಟಿಂಗ್ ಈಗ ಆಗುತ್ತಿದೆ. ಎಕ್ಸ್‌ಪೋರ್ಟ್‌ನಲ್ಲಿ ಹಾರ್ಡ್‌ವೇರ್ ಅಂತಲೇ ಇತ್ತು. ಆದರೆ ಒಂದು ಮದುವೆಯ ಕ್ಲಿಪ್ ಪ್ರಾಕ್ಸಿ ಆಗುವುದಕ್ಕೇ ರಾತ್ರಿ ಪೂರ್ತಿ ಬೇಕು. ಸೀಸನ್‌ನಲ್ಲಿ ಬೆನ್ನು ಬೆನ್ನಿಗೆ ಮದುವೆ ಇರುತ್ತವೆ. ಮುಂದಿನ ಮುಹೂರ್ತಗಳೊಳಗೆ ಏನಾದರೂ ತೀರ್ಮಾನ ಮಾಡಲೇಬೇಕು.

ಹಳೇ ಬೋರ್ಡು

ಹಾಗಿದ್ದರೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈಗ ನಿಮಗೆ ಪ್ರೊಸೆಸರ್ ಬೇಕೇ ಬೇಕು. ಆದರೆ ಈ ಬೋರ್ಡಿನ ಮೇಲೆ ಅಲ್ಲ. 7,500ನ್ನು ಮುಗಿದುಹೋದ ಸಾಕೆಟ್ಟಿಗೆ ಹಾಕಬೇಡಿ.

ಎಚ್610 ಬೋರ್ಡು, ಡಿಡಿಆರ್4 ಸ್ಲಾಟ್ ಇರುವಂಥದ್ದು, ಅದರ ಮೇಲೆ ಐ3-12100 ಅಥವಾ ಐ5-12400. ಎಚ್610ರಲ್ಲಿ ಡಿಡಿಆರ್5 ಬೋರ್ಡುಗಳೂ ಇವೆ, ಕೇಳಿ ತೆಗೆದುಕೊಳ್ಳಿ. ನಿಮ್ಮ ಎರಡೂ ಸ್ಟಿಕ್ ಹಾಗೇ ಹೊಸ ಬೋರ್ಡಿಗೆ ಹೋಗುತ್ತವೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದರೆ ಇದೇ ದೊಡ್ಡ ಉಳಿತಾಯ. ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್, ಕ್ಯಾಬಿನೆಟ್, ಮಾನಿಟರ್ ಎಲ್ಲವೂ ಹಳೆಯದೇ. ನೀವು ಕೊಳ್ಳುವುದು ಎರಡೇ ವಸ್ತು.

ಐ3-12100 ಅಂದರೆ ಐ3 ತಾನೇ ಅಂತ ಅಂದುಕೊಳ್ಳಬೇಡಿ. ಅದರಲ್ಲೂ 4 ಕೋರ್, 8 ಥ್ರೆಡ್, ಐ7-7700ರಷ್ಟೇ. ಒಂದೊಂದು ಕೋರಿನ ಕೆಲಸ ನಿಮ್ಮ ಈಗಿನದರ ಒಂದೂವರೆ ಪಟ್ಟಿನ ಆಸುಪಾಸು. ನುಡಿ ಟೈಪಿಸ್ಟ್ ಸರ್ ಹೇಳಿದ ಪೇಜ್‌ಮೇಕರ್‌ಗೂ ಈ ಲಾಭ ಸಿಗುತ್ತದೆ. ಐ5-12400 ಆದರೆ 6 ಕೋರ್, 12 ಥ್ರೆಡ್. ವಿಡಿಯೋ ಹೆಚ್ಚು ಇದ್ದರೆ ಅದೇ ಇರಲಿ.

ಹೆಸರಿನ ಕೊನೆಯಲ್ಲಿ ಎಫ್ ಇರುವ ಚಿಪ್ಪು, ಅಂದರೆ 12100ಎಫ್, 12400ಎಫ್, ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಅದರಲ್ಲಿ ಡಿಸ್‌ಪ್ಲೇ ಭಾಗವೇ ಇರುವುದಿಲ್ಲ. ನಿಮಗೆ ಬೇಕಾದ ಕ್ವಿಕ್ ಸಿಂಕ್ ಕೂಡ ಅದರ ಜೊತೆಗೇ ಹೋಯಿತು.

ಪಾಲಿಟೆಕ್ನಿಕ್ ಹುಡುಗ, ತುಮಕೂರು

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಪನಿಗಳಿಂದ ಬಂದ ಹಳೆ ಆಫೀಸ್ ಸಿಸ್ಟಂಗಳು ಸಿಗುತ್ತವಲ್ಲ? ಐ5-8500 ಇರುವವು. ಅದು ಇನ್ನೂ ಅಗ್ಗ ಆಗುವುದಿಲ್ಲವಾ?

ರಿಪೇರಿ ಕಟ್ಟೆ, ದಾವಣಗೆರೆ

ಬಿಲ್ಲಿಂಗ್, ಡಿಟಿಪಿ ಮಾತ್ರ ಮಾಡುವವರಿಗೆ ಅದು ಒಳ್ಳೆ ದಾರಿ ತಮ್ಮಾ. 6 ಕೋರ್, ವಿಂಡೋಸ್ 11 ಕೂಡ ಓಡುತ್ತದೆ. ಅಕ್ಕನಿಗೆ ಬೇಕಾದ 4:2:2 ಅದರಲ್ಲೂ ಇಲ್ಲ. ಜೊತೆಗೆ ಆ ಬ್ರಾಂಡೆಡ್ ಡಬ್ಬಿಗಳಲ್ಲಿ ಎಸ್‌ಎಂಪಿಎಸ್ ಮತ್ತು ಬೋರ್ಡಿನ ಅಳತೆ ಅವರದೇ. ಸುಟ್ಟರೆ ಪೇಟೆಯಲ್ಲಿ ಸಿಗುವ ಮಾಮೂಲಿ ಎಸ್‌ಎಂಪಿಎಸ್ ಕೂರುವುದಿಲ್ಲ.

ಎಸ್‌ಪಿ ರೋಡಿನಲ್ಲಿ ಬಿಡಿ ಚಿಪ್ಪು ಕೊಳ್ಳುವವರಿಗೂ ಒಂದು ಮಾತು. ಮುಚ್ಚಳದ ಮೇಲೆ ಕೆತ್ತಿದ ಹೆಸರು ಓದಿ. "ಇಂಟೆಲ್ ಕಾನ್ಫಿಡೆನ್ಷಿಯಲ್" ಎಂದಿದ್ದರೆ ವಾಪಸ್ ಕೊಡಿ. ಅದು ಪರೀಕ್ಷೆಗೆ ಮಾಡಿದ ಚಿಪ್ಪು, ಮಾರಾಟಕ್ಕೆ ಬಿಟ್ಟದ್ದಲ್ಲ. ಇಂಟೆಲ್ ಬೋರ್ಡ್ ಹಳೆಯದು ಕೊಳ್ಳುವುದಾದರೆ ಸಾಕೆಟ್ ಮುಚ್ಚಳ ತೆಗೆಸಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಪಿನ್ನುಗಳ ಹೊಳಪು ಎಲ್ಲ ಕಡೆ ಒಂದೇ ಸಮ ಇರಬೇಕು. ಎಲ್ಲಾದರೂ ಒಂದು ಚುಕ್ಕಿ ಬೇರೆ ಥರ ಹೊಳೆದರೆ ಅಲ್ಲಿ ಪಿನ್ ಬಗ್ಗಿದೆ ಅಂತ ಅರ್ಥ.

ಆಲ್ಬಂ ಮನೆ, ಸಾಗರ

ಯಜಮಾನರ ಜೊತೆ ಕೂತು ಇದನ್ನೆಲ್ಲ ಓದಿದೆವು. ಐ5-12400, ಎಚ್610 ಡಿಡಿಆರ್4 ಬೋರ್ಡು ಎರಡನ್ನೂ ಹೊಸದಾಗಿ ಬಿಲ್ ಸಹಿತ ತರಿಸುತ್ತಿದ್ದೇವೆ. ಹಳೆ ಬೋರ್ಡು, ಐ3 ಏನು ಮಾಡಲಿ? ಎಸ್‌ಎಂಪಿಎಸ್ ಬದಲಿಸಬೇಕಾ?

ರಿಪೇರಿ ಕಟ್ಟೆ, ದಾವಣಗೆರೆ

ಎಸ್‌ಎಂಪಿಎಸ್ ಬದಲಿಸಿ ಅಕ್ಕಾ. ವಾಟ್ ಸಾಲದು ಅಂತಲ್ಲ, 450 ಧಾರಾಳ ಸಾಕು. ಹತ್ತು ವರ್ಷ ಓಡಿದೆ, ಒಳಗಿನ ಕೆಪಾಸಿಟರ್‌ಗಳು ದಣಿದಿರುತ್ತವೆ. ಹೊಸ ಬೋರ್ಡಿಗೆ ಹಳೆ ಎಸ್‌ಎಂಪಿಎಸ್ ಕೊಟ್ಟು ಎರಡನ್ನೂ ಕಳೆದುಕೊಂಡವರನ್ನು ಅಂಗಡಿಯಲ್ಲಿ ನೋಡುತ್ತಲೇ ಇರುತ್ತೇನೆ. ಹೊಸದು ತರುವಾಗ ಪ್ರೊಸೆಸರ್‌ಗೆ ಹೋಗುವ 8 ಪಿನ್ ವೈರ್ ಇದೆಯಾ ನೋಡಿ.

ಹಳೆ ಐ3 ಬೋರ್ಡನ್ನು ಈಗಲೇ ಮಾರಬೇಡಿ. ಹೊಸದು ಒಂದು ಸೀಸನ್ ಸರಿಯಾಗಿ ಓಡಲಿ. ಮದುವೆ ಹಿಂದಿನ ದಿನ ಏನಾದರೂ ಆದರೆ ಅದೇ ಕೈ ಹಿಡಿಯುತ್ತದೆ.

ಹಳೇ ಬೋರ್ಡು

ವಿಂಡೋಸ್ ಲೈಸೆನ್ಸ್ ಕೂಡ ನೋಡಿಕೊಳ್ಳಿ ಮೇಡಂ. ಸಿಸ್ಟಂ ಜೊತೆ ಬಂದ ಓಇಎಂ ಲೈಸೆನ್ಸ್ ಆದರೆ ಅದು ಆ ಬೋರ್ಡಿಗೇ ಕಟ್ಟಿದ್ದು, ಹೊಸ ಬೋರ್ಡಿಗೆ ಬರುವುದಿಲ್ಲ. ಬೇರೆಯಾಗಿ ಕೊಂಡ ರೀಟೇಲ್ ಲೈಸೆನ್ಸ್ ಆದರೆ ವರ್ಗಾಯಿಸಬಹುದು. ಬೋರ್ಡು ಬದಲಿಸುವ ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಸೇರಿಸಿಡಿ.

ನುಡಿ ಟೈಪಿಸ್ಟ್, ಧಾರವಾಡ

ವಿಂಡೋಸ್ ಹೊಸದಾಗಿ ಹಾಕುವುದಾದರೆ ಫಾಂಟ್ಸ್ ಫೋಲ್ಡರ್ ಪೂರ್ತಿ ಪೆನ್ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ ಮೇಡಂ. ನಮ್ಮ ಹಳೆ ಲಗ್ನಪತ್ರಿಕೆ ಫೈಲುಗಳೆಲ್ಲ ಯೂನಿಕೋಡ್ ಅಲ್ಲ, ನುಡಿಯ ಹಳೆ ಆಸ್ಕಿ ಫಾಂಟಿನಲ್ಲಿ ಇರುತ್ತವೆ. ಹೊಸ ಸಿಸ್ಟಂನಲ್ಲಿ ಆ ಫಾಂಟ್ ಇಲ್ಲದೆ ತೆರೆದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತು ಕಾಣುತ್ತವೆ. ಗಿರಾಕಿ ಎದುರು ಕೂತಿರುವಾಗ ಫಾಂಟ್ ಹುಡುಕಬೇಕಾಗುತ್ತದೆ. ಫೋಟೋಶಾಪ್‌ನ ಬ್ರಷ್, ಆಕ್ಷನ್ ಫೈಲುಗಳನ್ನೂ ಅದರ ಜೊತೆಗೇ ಇಡಿ.

ಆಲ್ಬಂ ಮನೆ, ಸಾಗರ

ಒಳ್ಳೆಯದಾಯಿತು ಸರ್, ಆಕ್ಷನ್ ಫೈಲುಗಳ ನೆನಪೇ ಇರಲಿಲ್ಲ. ಎರಡನ್ನೂ ಈಗಲೇ ಕಾಪಿಗೆ ಹಾಕಿದ್ದೇನೆ. ಬೋರ್ಡು ಕೂರಿಸಿದ ಮೇಲೆ ಆ 4:2:2 ಕ್ಲಿಪ್ ಪ್ರಾಕ್ಸಿ ಇಲ್ಲದೆ ಓಡಿಸಿ, ಟಾಸ್ಕ್ ಮ್ಯಾನೇಜರ್ ಏನು ತೋರಿಸುತ್ತದೆ ಇಲ್ಲೇ ಬರೆಯುತ್ತೇನೆ.